ಬಜೆಟ್ಟಿನಲ್ಲಿ ಹಳೆಯ ಕನ್ವರ್ಟಿಬಲ್: ಎಂಜಿನ್‌ಗಿಂತ ಮೊದಲು ನೀರಿನ ದಾರಿ ನೋಡಿ

ಟಾಪ್ ಮಡಚುವ ಹಳೆಯ ಸ್ಪೋರ್ಟ್ಸ್ ಕಾರು ನೋಡಲು ಹೋದಾಗ ನಾನು ಬಾನೆಟ್ ಮೇಲೆ ಕೈಯಿಟ್ಟು ಎಂಜಿನ್ ತಣ್ಣಗಿದೆಯೇ ಎಂದಷ್ಟೇ ನೋಡುತ್ತೇನೆ. ಬಾನೆಟ್ ತೆರೆಯುವ ಸರದಿ ಬರುವುದು ಕೊನೆಗೆ. ಮಾಮೂಲಿ ಕಾರಿನಲ್ಲಿ ಬಾಡಿ ಬಿಗಿಯಾಗಿ ನಿಲ್ಲುವುದರಲ್ಲಿ ಮೇಲಿನ ತಗಡಿಗೂ ಪಾಲಿದೆ. ಕನ್ವರ್ಟಿಬಲ್‌ನಲ್ಲಿ ಆ ಹೊರೆಯ ಬಹುಪಾಲನ್ನು ಬಾಗಿಲ ಕೆಳಗಿನ ಸಿಲ್‌ಗಳು ಹೊರಬೇಕು. ಸಿಲ್ ತಿನ್ನುವುದು ತುಕ್ಕು, ತುಕ್ಕಿಗೆ ಕಾರಣ ನೀರು, ಆ ನೀರು ಇಳಿದು ಬರುವುದು ಟಾಪಿನ ಬುಡದಿಂದ. ಎಂಜಿನ್ ಕೆಟ್ಟರೆ ಇನ್ನೊಂದನ್ನು ತಂದು ಕೂರಿಸಬಹುದು. ಸಿಲ್ ಒಳಗಿಂದ ಕೊಳೆತರೆ ಕತ್ತರಿಸಿ ವೆಲ್ಡ್ ಮಾಡುವ ಖರ್ಚು ಗಾಡಿಯ ಬೆಲೆಯನ್ನೇ ಮೀರುವುದುಂಟು.

ದುಡ್ಡಿನ ಲೆಕ್ಕ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಕೈಯಲ್ಲಿ 100 ಇದ್ದರೆ ನಾನು ಗಾಡಿಗೆ ಕೊಡುವುದು ಹೆಚ್ಚೆಂದರೆ 75. ಉಳಿದ 25 ಬೆಲ್ಟು, ಟೈರು, ಬ್ರೇಕು, ಎಣ್ಣೆಗಳಿಗೆ. ಪೂರ್ತಿ 100 ಸುರಿದು ಕೊಂಡ ಕಾರು ಮೊದಲ ರಿಪೇರಿಗೇ ಶೆಡ್ಡು ಸೇರುತ್ತದೆ.

ಮಾಡೆಲ್ ವಿಷಯದಲ್ಲಿ ನನ್ನ ಮತ ಮಾಜ್ದಾ ಎಂಎಕ್ಸ್-5ಗೆ. 1989ರಲ್ಲಿ ಬಂದ ಮೊದಲ ತಲೆಮಾರು ಎನ್‌ಎ, 1998ರ ಎರಡನೆಯದು ಎನ್‌ಬಿ. ಎದ್ದು ನಿಲ್ಲುವ ಹೆಡ್‌ಲೈಟ್ ಇರುವುದು ಎನ್‌ಎಗೆ ಮಾತ್ರ. ತೂಕ ಸುಮಾರು ಒಂದು ಟನ್, ಎಂಜಿನ್ ಮುಂದೆ, ಓಟ ಹಿಂದಿನ ಚಕ್ರಕ್ಕೆ, ಟಾಪು ಕೈಯಿಂದಲೇ ಮಡಚುವಂಥದ್ದು. ಕೈಯಿಂದ ಮಡಚುವ ಟಾಪು ಬಜೆಟ್ಟಿಗೆ ದೊಡ್ಡ ವರ, ಏಕೆಂದರೆ ಕೆಡಲು ಮೋಟರೂ ಇಲ್ಲ, ಹೈಡ್ರಾಲಿಕ್ ಪೈಪೂ ಇಲ್ಲ. ಬಿಎಂಡಬ್ಲ್ಯೂ ಜಡ್3 ನೋಡುವುದಾದರೆ ಡಿಕ್ಕಿಯ ಮ್ಯಾಟ್ ಎತ್ತಿ, ಹಿಂದಿನ ಚಕ್ರಗಳಿಗೆ ಓಟ ಹಂಚುವ ಡಿಫರೆನ್ಷಿಯಲ್‌ನ ಮೌಂಟ್ ಇರುವ ಕಡೆ ಸ್ಪಾಟ್ ವೆಲ್ಡ್ ಕಿತ್ತಿದೆಯೇ ನೋಡಿ. ಮೊದಲ ಜಡ್4ನಲ್ಲಿ ಮಳೆನೀರು ಹೊರಹೋಗುವ ಡ್ರೈನ್ ಕಟ್ಟಿಕೊಂಡರೆ ಟಾಪಿನ ಮೋಟರೇ ನೀರಲ್ಲಿ ಮುಳುಗುತ್ತದೆ. ಎಂಜಿ ಕಂಪನಿಯ ಎಂಜಿಎಫ್‌ನಲ್ಲಿ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ತಲೆಗೂ ಬ್ಲಾಕಿಗೂ ನಡುವಿನ ಪದರ, ದುರ್ಬಲ. 1996ರಿಂದ 2004ರವರೆಗಿನ ಪೋರ್ಷೆ ಬಾಕ್ಸ್‌ಟರ್ ಅಗ್ಗಕ್ಕೆ ಕಂಡರೂ ಅದರ ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಹೋದರೆ ಎಂಜಿನ್ನೇ ಹೋಯಿತು. ಆ 25ರ ಗಂಟು ಅದಕ್ಕೆ ಸಾಲುವುದಿಲ್ಲ.

ಮುಂದಿನದೆಲ್ಲ ಎನ್‌ಎ, ಎನ್‌ಬಿ ಕುರಿತದ್ದು. ನಾನು ಒಯ್ಯುವುದು ಟಾರ್ಚು, ತೆಳು ಬಟ್ಟೆ ಸುತ್ತಿದ ಆಯಸ್ಕಾಂತ, ಮಲ್ಟಿಮೀಟರ್, ಕಂಪ್ರೆಷನ್ ಗೇಜ್, ಒಂದು ಲೀಟರ್ ನೀರಿನ ಬಾಟಲಿ. ಸಾಧ್ಯವಾದರೆ ಮಳೆ ಬಂದ ಮರುದಿನವೇ ಹೋಗುತ್ತೇನೆ.

ಟಾಪನ್ನು ಅರ್ಧ ಎತ್ತಿ ನಿಲ್ಲಿಸಿದರೆ ಸೀಟಿನ ಹಿಂದೆ, ಸೀಟ್‌ಬೆಲ್ಟ್ ಕಂಬದ ಬಳಿ ಎಡಕ್ಕೊಂದು ಬಲಕ್ಕೊಂದು ಡ್ರೈನ್ ರಂಧ್ರ ಕಾಣುತ್ತದೆ. ಟಾಪಿನ ಮೇಲೆ ಬಿದ್ದ ನೀರು ಬುಡದ ಪ್ಲಾಸ್ಟಿಕ್ ರೇನ್ ರೈಲಿನಲ್ಲಿ ಹರಿದು ಈ ರಂಧ್ರಗಳಿಗೆ ಇಳಿದು, ಹಿಂದಿನ ಚಕ್ರದ ತುಸು ಮುಂದೆ ನೆಲಕ್ಕೆ ಬೀಳಬೇಕು. ಬಾಟಲಿಯ ನೀರನ್ನು ನಿಧಾನವಾಗಿ ಹೊಯ್ಯಿರಿ. ಕೂಡಲೇ ಕೆಳಗೆ ಸುರಿದರೆ ಸರಿ. ರಂಧ್ರದಲ್ಲೇ ನಿಂತರೆ ಎಲೆ, ಮಣ್ಣು ಕಟ್ಟಿಕೊಂಡಿದೆ ಎಂದರ್ಥ. ಅಲ್ಲಿಂದ ಉಕ್ಕಿದ ನೀರು ಸಿಲ್ ಒಳಗೂ ಸೀಟಿನ ಹಿಂದಿನ ಕಾರ್ಪೆಟ್ಟಿಗೂ ಹೋಗುತ್ತಿರುತ್ತದೆ. ಕಾರ್ಪೆಟ್ಟಿನ ಮೇಲ್ಮೈ ಒಣಗಿರಬಹುದು, ಅಡಿಯ ಸ್ಪಂಜು ತಿಂಗಳುಗಟ್ಟಲೆ ಒದ್ದೆಯಾಗೇ ಇರುತ್ತದೆ. ಹಾಗಾಗಿ ಅಂಗೈ ಒತ್ತಿ ನೋಡಬೇಕು, ಬಗ್ಗಿ ಮೂಸಬೇಕು. ರೇನ್ ರೈಲಿನ ಮೂಲೆಗಳಲ್ಲಿ ಬಿರುಕು ಬಿಟ್ಟಿದ್ದರೆ ಹೊಸ ಟಾಪು ಹಾಕಿಸಿದರೂ ಸೋರುವುದು ನಿಲ್ಲುವುದಿಲ್ಲ. ಟಾಪು ಬದಲಿಸುವಾಗಲೇ ರೈಲನ್ನೂ ಬದಲಿಸಬೇಕು.

ಈಗ ಸಿಲ್. ಹಿಂದಿನ ಚಕ್ರಕ್ಕೆ ತಾಗುವ ಕೊನೆಯ ಒಂದಡಿ ಭಾಗವನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಪೇಂಟಿನಲ್ಲಿ ಸಣ್ಣ ಗುಳ್ಳೆ ಕಂಡರೂ ಒಳಪದರ ಆಗಲೇ ಹೋಗಿರುತ್ತದೆ, ತುಕ್ಕು ಒಳಗಿಂದ ಹೊರಗೆ ಬರುವುದರಿಂದ. ಆಯಸ್ಕಾಂತ ಅಂಟದಿದ್ದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ಅಡಿಯಲ್ಲಿ ಹೊಸದಾಗಿ ಕಪ್ಪು ಲೇಪ ಬಳಿದಿದ್ದರೆ ನನಗೆ ನಂಬಿಕೆ ಬರುವುದಿಲ್ಲ. ಆಮೇಲೆ ಒಂದು ಬದಿಗೆ ಜಾಕ್ ಕೊಟ್ಟು ಎತ್ತಿ, ಅದೇ ಬದಿಯ ಬಾಗಿಲು ತೆರೆದು ಮುಚ್ಚಿ. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಉಜ್ಜಿದರೆ ಬಾಡಿ ಬಾಗುತ್ತಿದೆ. ಆ ಗಾಡಿಯನ್ನು ಎಷ್ಟು ಕಡಿಮೆಗೆ ಕೊಟ್ಟರೂ ನಾನು ಕೊಳ್ಳುವುದಿಲ್ಲ. ಎನ್‌ಬಿಯಲ್ಲಿ ಮುಂದಿನ ಚಾಸಿ ರೈಲುಗಳೂ ಒಳಗಿಂದ ತುಕ್ಕು ಹಿಡಿಯುತ್ತವೆ. ಟಾರ್ಚು ಹಿಡಿದು ಅಡಿಯಿಂದ ನೋಡಲೇಬೇಕು. ಮುಂದಿನ ಫೆಂಡರ್ ತುಕ್ಕಾಗಿದ್ದರೆ ಚಿಂತೆಯಿಲ್ಲ, ಅದು ಬೋಲ್ಟ್ ಬಿಚ್ಚಿ ಬದಲಿಸುವಂಥದ್ದು.

ಡಿಕ್ಕಿಯಲ್ಲಿ ಬ್ಯಾಟರಿ ಇದೆ. ಅಲ್ಲಿರಬೇಕಾದ್ದು ಗಾಳಿಕೊಳವೆ ಇರುವ ಸೀಲ್ ಆದ ಬ್ಯಾಟರಿ. ಅಗ್ಗಕ್ಕೆಂದು ಮಾಮೂಲಿ ಆಸಿಡ್ ಬ್ಯಾಟರಿ ಇಟ್ಟಿದ್ದರೆ ಅದರ ಹಬೆಯಿಂದ ಸುತ್ತಲಿನ ತಗಡು ಕೊರೆದಿರುತ್ತದೆ. ಎಂಜಿನ್ ನಿಂತಾಗ 12.6 ವೋಲ್ಟ್, ಓಡುವಾಗ 14ರ ಆಸುಪಾಸು ಬರಬೇಕು.

ಇಷ್ಟು ದಾಟಿದ ಗಾಡಿಯ ಬಾನೆಟ್ ತೆರೆಯುತ್ತೇನೆ. ಎನ್‌ಎಯಲ್ಲಿ ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಟಿಕ್ ಟಿಕ್ ಸದ್ದು ಬಂದರೆ ಅದು ವಾಲ್ವ್ ಒತ್ತುವ ಹೈಡ್ರಾಲಿಕ್ ಲಿಫ್ಟರ್. ಕೆಲವು ನಿಮಿಷಗಳಲ್ಲಿ ಅಡಗಿದರೆ ಎಣ್ಣೆ ಬದಲಿಸಿದರಾಯಿತು. ನೀಲಿ ಹೊಗೆ ನಿಲ್ಲದಿದ್ದರೆ ಬೇಡ. 1.6 ಲೀಟರ್ ಎನ್‌ಎಯಲ್ಲಿ ಕ್ರ್ಯಾಂಕ್ ಶಾಫ್ಟಿನ ಮುಂತುದಿಯ ಪುಲ್ಲಿಯನ್ನು ಗಮನಿಸಿ: ನಾಲ್ಕು ಸೀಳು ಇದ್ದರೆ ಗಿಡ್ಡ ಮೂತಿಯ ಹಳೆಯ ಕ್ರ್ಯಾಂಕ್, ಎಂಟಿದ್ದರೆ ನಂತರದ್ದು. ಗಿಡ್ಡದರಲ್ಲಿ ಬೆಲ್ಟ್ ಬದಲಿಸುವಾಗ ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಪುಲ್ಲಿ ಹಿಡಿದಿಡುವ ಕೀಲಿ ಅಲುಗಾಡಿ, ಅದು ಕೂರುವ ತೋಡು ಸವೆದು, ಟೈಮಿಂಗ್ ತಪ್ಪಿ ಪಿಕಪ್ ಇಳಿಯುತ್ತದೆ. ಓಡುವಾಗ ಪುಲ್ಲಿ ಅಲ್ಲಾಡಿದರೆ ಅಲ್ಲಿಗೆ ಮುಗಿಯಿತು. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿದ್ದರೆ ಒಡೆಯಲು ಹತ್ತಿರವಾಗಿದೆ, ಬೆಲೆಯಲ್ಲಿ ಕಳೆಯಿರಿ.

ಹೆಡ್ಡಿನ ಹಿಂಬದಿಯಿಂದ ಎಣ್ಣೆ ಇಳಿದು ಗೇರ್‌ಬಾಕ್ಸ್ ಸೇರುವೆಡೆ ಒದ್ದೆಯಾಗಿದ್ದರೆ ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಹೇಳುವವರಿದ್ದಾರೆ. ಎನ್‌ಎಯಲ್ಲಿ ಎಷ್ಟೋ ಸಲ ಸೋರುವುದು ಕ್ಯಾಮ್ ಆ್ಯಂಗಲ್ ಸೆನ್ಸರಿನ ಓ-ರಿಂಗ್, ಗಟ್ಟಿಯಾಗಿ ಬಿರಿದ ಪುಟ್ಟ ರಬ್ಬರ್ ಬಳೆ. ಬಿಚ್ಚುವ ಮುನ್ನ ಸೆನ್ಸರ್ ನಿಂತ ಜಾಗಕ್ಕೆ ಗುರುತು ಹಾಕಿಕೊಳ್ಳಬೇಕು, ಇಲ್ಲವಾದರೆ ಇಗ್ನಿಷನ್ ಟೈಮಿಂಗ್ ಏರುಪೇರಾಗುತ್ತದೆ.

ಕಂಪ್ರೆಷನ್ ನೋಡುವುದು ಎಂಜಿನ್ ಬಿಸಿಯಾದ ಮೇಲೆ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ. ಅತಿ ಹೆಚ್ಚು, ಅತಿ ಕಡಿಮೆಯ ನಡುವೆ ಶೇ. 15ಕ್ಕಿಂತ ಜಾಸ್ತಿ ವ್ಯತ್ಯಾಸವಿರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ತೊಂದರೆ.

ಓಡಿಸುವಾಗ ಗೇರ್‌ಬಾಕ್ಸ್ ತಣ್ಣಗಿರುವಾಗಲೇ ಎರಡನೇ ಗೇರ್ ಹಾಕಿ, ಗರಗರ ಎಂದರೆ ಗೇರ್ ಸಲೀಸಾಗಿ ಕೂರಿಸುವ ಸಿಂಕ್ರೊ ಸವೆದಿದೆ. ಕ್ಲಚ್ ಪೆಡಲ್ ಕೆಳಗೇ ಉಳಿದರೆ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಹೋಗಿದೆ. ಅದನ್ನು ಮಾಸ್ಟರ್ ಸಿಲಿಂಡರಿನ ಜೊತೆಗೇ ಬದಲಿಸಿ, ಇಲ್ಲದಿದ್ದರೆ ಹೊಸದರ ಒತ್ತಡಕ್ಕೆ ಹಳೆಯದು ಸೋರಲು ಶುರುವಾಗುತ್ತದೆ. ಟೈರಿನ ಪಕ್ಕದ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ. ಇಂಥ ಗಾಡಿಗಳು ಕಡಿಮೆ ಓಡುವುದರಿಂದ ಟೈರಿನ ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ರಬ್ಬರ್ ಒಣಗಿ ಮಳೆಯಲ್ಲಿ ಜಾರುತ್ತದೆ.

ಕೊಂಡ ಮೇಲೆ ಮೊದಲ ಕೆಲಸ ಡ್ರೈನ್ ಬಿಡಿಸುವುದು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ 3 ಮಿಲಿಮೀಟರ್ ನೈಲಾನ್ ದಾರವನ್ನು ಮೇಲಿನಿಂದ ತೂರಿಸಿ ಆಡಿಸಿ. ಕಬ್ಬಿಣದ ತಂತಿ ಕೊಳವೆಯನ್ನು ತೂತು ಮಾಡುತ್ತದೆ, ಕಂಪ್ರೆಸರ್ ಗಾಳಿ ಅದನ್ನು ಬುಡದಿಂದಲೇ ಕಳಚುತ್ತದೆ. ಬದಲಿಸಿದ ದಾಖಲೆ ಇಲ್ಲದಿದ್ದರೆ ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಒಟ್ಟಿಗೆ ಬದಲಿಸಿ, ಬೆಲ್ಟಿನ ಅವಧಿ ಸುಮಾರು 1 ಲಕ್ಷ ಕಿಲೋಮೀಟರ್. ಬ್ರೇಕ್ ಎಣ್ಣೆ, ಕೂಲೆಂಟ್, ಗೇರ್ ಎಣ್ಣೆ ಎಲ್ಲ ಹೊಸದು. ಹಿಂದಿನ ಬ್ರೇಕ್ ಕ್ಯಾಲಿಪರಿನ ಸ್ಲೈಡ್ ಪಿನ್ ಬಿಚ್ಚಿ ಗ್ರೀಸ್ ಹಚ್ಚಿ, ಅವು ಹಿಡಿದುಕೊಳ್ಳುವುದು ಮಾಮೂಲು.

ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದಾಗಿದ್ದರೆ ಟಾಪು ಇಳಿಸುವ ಮೊದಲು ಪ್ರತಿ ಸಲವೂ ಜಿಪ್ ಬಿಚ್ಚಿ ಅದನ್ನು ಮಟ್ಟಸವಾಗಿ ಮಲಗಿಸಿ. ಜಿಪ್ ಬಿಚ್ಚದೆ ಮಡಚಿದರೆ ನಡುವೆ ಗೆರೆ ಬಿದ್ದು ಆ ಗೆರೆಯಲ್ಲೇ ಸೀಳುತ್ತದೆ. ಚಳಿಯಲ್ಲಿ ಪ್ಲಾಸ್ಟಿಕ್ ಬಿರುಸಾಗಿರುವಾಗ ಟಾಪು ಇಳಿಸಲೇಬೇಡಿ.