ಮಲೆನಾಡಿನ ಮಸುಕು ಎಲ್ಲಿಂದ? ಫಿಲ್ಟರ್‌ನಲ್ಲಿ ಹುಡುಕಿದ ಬಗೆ

ಫೆಬ್ರುವರಿ, ಮಾರ್ಚ್ ಬಂತೆಂದರೆ ಮಲೆನಾಡಿನ ಬೆಟ್ಟಸಾಲು ಮಸುಕಾಗುತ್ತದೆ. ಕಾಡಿಗೆ ಬೆಂಕಿ ಬಿದ್ದಿದೆ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಆ ಮಸುಕಿನಲ್ಲಿ ಒಲೆಯ ಹೊಗೆ ಎಷ್ಟು, ಕಾಡ್ಗಿಚ್ಚಿನದ್ದು ಎಷ್ಟು, ಮರಗಳೇ ಬಿಟ್ಟದ್ದು ಎಷ್ಟು ಅನ್ನೋದು ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ ತೇಲುವ ಕಣಗಳನ್ನು ಹಿಡಿದು, ಅವುಗಳೊಳಗಿನ ಸಾವಯವ ಅಣುಗಳನ್ನು ಗುರುತಿಸಬೇಕು. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಕಾಡಂಚಿನ ಮನೆಯ ತಾರಸಿ ಮೇಲೆ ಸ್ಯಾಂಪ್ಲರ್ (ಗಾಳಿಯನ್ನು ಫಿಲ್ಟರ್ ಮೂಲಕ ಎಳೆದು ಕಣ ಹಿಡಿಯುವ ಯಂತ್ರ) ಇಟ್ಟು ನಾನು ಮಾಡುವ ಕೆಲಸ ಇದೇ.

ಹುಡುಕುವ ಅಣುಗಳಲ್ಲಿ ಎರಡು ಮುಖ್ಯ. ಮೊದಲನೆಯದು ಲೆವೊಗ್ಲುಕೋಸಾನ್. ಕಟ್ಟಿಗೆಯಲ್ಲಿರುವ ಸೆಲ್ಯುಲೋಸ್ 300 ಡಿಗ್ರಿ ದಾಟಿ ಕಾದು ಒಡೆದಾಗ ಹುಟ್ಟುವ ಸಕ್ಕರೆ ಜಾತಿಯ ಅಣು. ಡೀಸೆಲ್, ಪೆಟ್ರೋಲ್ ಉರಿದರೆ ಇದು ಬರುವುದಿಲ್ಲ. ಇದನ್ನು ಹೊಗೆಯ ಗುರುತಾಗಿ ಬಳಸಬಹುದು ಎಂದು 1999ರಲ್ಲಿ ಸಿಮೊನೈಟ್ ಮತ್ತು ಸಂಗಡಿಗರು ತೋರಿಸಿದರು. ಎರಡನೆಯದು ಕಾಡಿನದ್ದು, ಮೀಥೈಲ್‌ಟೆಟ್ರಾಲ್. ಬಿದಿರು, ಅರಳಿ, ನೀಲಗಿರಿಯಂಥ ಗಿಡಮರಗಳು ಬಿಸಿಲಿನಲ್ಲಿ ಐಸೊಪ್ರೀನ್ ಎಂಬ ಅನಿಲ ಬಿಡುತ್ತವೆ. ಅದು ಗಾಳಿಯಲ್ಲಿ ಆಕ್ಸಿಡೀಕರಣಗೊಂಡು ಎಪಾಕ್ಸೈಡ್ ಆಗುತ್ತದೆ. ಆಮ್ಲೀಯ ಸಲ್ಫೇಟ್ ಕಣ ಸಿಕ್ಕರೆ ಅದರೊಳಗೆ ಸೇರಿ ಮೀಥೈಲ್‌ಟೆಟ್ರಾಲ್ ಆಗುತ್ತದೆ. 2004ರಲ್ಲಿ ಕ್ಲೇಯ್ಸ್ ಮತ್ತು ಸಂಗಡಿಗರು ಅಮೆಜಾನ್ ಕಾಡಿನ ಗಾಳಿಯಲ್ಲಿ ಇದನ್ನು ಗುರುತಿಸುವವರೆಗೂ ಐಸೊಪ್ರೀನ್‌ನಿಂದ ಕಣ ಆಗುವುದು ಲೆಕ್ಕಕ್ಕೇ ಇಲ್ಲ ಎಂಬ ನಂಬಿಕೆ ಇತ್ತು.

ಸ್ಯಾಂಪ್ಲರ್ ಇಟ್ಟ ಹೊಸದರಲ್ಲಿ ಮನೆಯ ಅಕ್ಕ ಕೇಳಿದರು, "ನಮ್ಮ ಬಚ್ಚಲ ಒಲೆ ಹೊಗೇನೂ ಹಿಡೀತದಾ ಇದು?" ಹಿಡಿಯುತ್ತದೆ. ಮಲೆನಾಡಿನಲ್ಲಿ ಅಳತೆ ಮಾಡುವವರು ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದೇ ಇದು. ಇಲ್ಲಿ ಗ್ಯಾಸ್ ಬಂದ ಮನೆಯಲ್ಲೂ ಸ್ನಾನದ ಹಂಡೆಗೆ ಕಟ್ಟಿಗೆಯೇ. ಬೆಳಗಿನ ಜಾವ ಊರಿನ ಒಲೆಗಳೆಲ್ಲ ಹೊತ್ತಿಕೊಳ್ಳುತ್ತವೆ. ಆಗ ಕಣಿವೆಯಲ್ಲಿ ತಂಪು ಗಾಳಿ ಕೆಳಗೇ ನಿಂತಿರುತ್ತದೆ. ಹೊಗೆ ಮೇಲೇಳದೆ ಅಡಿಕೆ ತೋಟದ ಮೇಲೆ ಹಾಸಿಕೊಂಡಿರುತ್ತದೆ. 24 ಗಂಟೆಗೆ ಒಂದೇ ಫಿಲ್ಟರ್ ಹಾಕಿದರೆ ಈ ಒಲೆ, ಆ ಕಾಡ್ಗಿಚ್ಚು ಎಲ್ಲ ಒಂದೇ ಸಂಖ್ಯೆಯಲ್ಲಿ ಕಲೆತುಹೋಗುತ್ತದೆ. ಅದಕ್ಕೇ ನಾನು ಬೆಳಿಗ್ಗೆ 5ರಿಂದ 9ಕ್ಕೆ ಒಂದು, 9ರಿಂದ ಸಂಜೆ 6ಕ್ಕೆ ಒಂದು, ರಾತ್ರಿಗೆ ಒಂದು ಫಿಲ್ಟರ್ ಹಾಕುತ್ತೇನೆ. ಕೆಲಸ ಜಾಸ್ತಿ. ಆದರೆ ಇದಿಲ್ಲದೆ ಉಳಿದ ಕೆಮಿಸ್ಟ್ರಿಯೆಲ್ಲ ವ್ಯರ್ಥ ಎಂದೇ ನನ್ನ ಅಭಿಪ್ರಾಯ.

ಫಿಲ್ಟರ್ ಕ್ವಾರ್ಟ್ಜ್ ನಾರಿನದ್ದು. ಮೊದಲೇ 500 ಡಿಗ್ರಿಯಲ್ಲಿ ಗಂಟೆಗಟ್ಟಲೆ ಸುಟ್ಟು, ಅದರಲ್ಲಿರುವ ಸಾವಯವ ವಸ್ತುವನ್ನೆಲ್ಲ ಕಳೆಯಬೇಕು. ಹಿಡಿಯುವುದು ಚಿಮಟದಲ್ಲಿ, ಸುತ್ತುವುದು ಸುಟ್ಟ ಅಲ್ಯೂಮಿನಿಯಂ ಹಾಳೆಯಲ್ಲಿ. ಪ್ಲಾಸ್ಟಿಕ್ ಕವರ್ ತಾಗಿದರೆ ಥಾಲೇಟ್ ಬರುತ್ತದೆ, ಬೆರಳು ತಾಗಿದರೆ ಚರ್ಮದ ಸ್ಕ್ವಾಲೀನ್ ಬರುತ್ತದೆ. ಹಿಡಿದ ಮೇಲೆ ಮೈನಸ್ 20 ಡಿಗ್ರಿ ಫ್ರೀಜರ್‌ಗೆ.

ಲ್ಯಾಬ್‌ನಲ್ಲಿ ಒಂದು ತುಂಡು ಕತ್ತರಿಸಿ, ಡೈಕ್ಲೋರೋಮೀಥೇನ್ ಮತ್ತು ಮೆಥನಾಲ್ ಮಿಶ್ರಣದಲ್ಲಿ ಅಣುಗಳನ್ನು ಇಳಿಸಿಕೊಳ್ಳುತ್ತೇನೆ. ಆಮೇಲೆ ನೈಟ್ರೋಜನ್ ಊದಿ ಒಣಗಿಸುವುದು. ಇಲ್ಲಿ ಅವಸರ ಬೇಡ. ಸಕ್ಕರೆಯಂಥ ಈ ಅಣುಗಳು, ಮಿಶ್ರಣದ ಅಣುಗಳನ್ನು ಆವಿ ಮಾಡಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಲ್ಲಿ ಹಾಗೇ ಸರಿಯಾಗಿ ಹಾಯುವುದಿಲ್ಲ. ಅವುಗಳ ಒಂದೊಂದು ಓಎಚ್ ಗುಂಪಿಗೂ ಸಿಲಿಕಾನ್ ಇರುವ ಸಿಲಿಲ್ ಗುಂಪು ಜೋಡಿಸಬೇಕು. ಅದಕ್ಕೆ ಆ ಗುಂಪು ಕೊಡುವ ಬಿಎಸ್‌ಟಿಎಫ್‌ಎ ಎಂಬ ರಾಸಾಯನಿಕ ಮತ್ತು ಪಿರಿಡಿನ್ ಹಾಕಿ 70 ಡಿಗ್ರಿಯಲ್ಲಿ 3 ಗಂಟೆ ಇಡುತ್ತೇನೆ. ಬಿಎಸ್‌ಟಿಎಫ್‌ಎಗೆ ನೀರು ಆಗದು. ಸೀಸೆಯಲ್ಲಿ ತೇವ ಉಳಿದಿದ್ದರೆ ರಾಸಾಯನಿಕ ಮೊದಲು ನೀರಿನ ಜೊತೆಗೇ ಮುಗಿದುಹೋಗುತ್ತದೆ, ಲೆವೊಗ್ಲುಕೋಸಾನ್‌ನ ಪೀಕ್ (ಯಂತ್ರದ ಗ್ರಾಫಿನಲ್ಲಿ ಅದರ ಏರು) ಸುಮ್ನೆ ಕುಗ್ಗುತ್ತದೆ. ಮಳೆಗಾಲದಲ್ಲಿ ಈ ಹಂತಕ್ಕೆ ನಾನು ಕೈ ಹಾಕುವುದೇ ಕಡಿಮೆ. ಅಣುವನ್ನು ಒಡೆದು ಚೂರುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಲೆವೊಗ್ಲುಕೋಸಾನ್‌ಗೆ 204, 217, 333 ತೂಕದ ಚೂರುಗಳನ್ನು ನೋಡುತ್ತೇನೆ, ಮೀಥೈಲ್‌ಟೆಟ್ರಾಲ್‌ಗೆ 219. 217 ಬೇರೆ ಸಕ್ಕರೆಗಳಿಗೂ ಬರುತ್ತದೆ, ಹಾಗಾಗಿ 333 ಕಾಣದೆ ನಾನು ಹೆಸರು ಬರೆಯುವುದಿಲ್ಲ.

ಬೆಂಕಿ ಇಲ್ಲದ ದಿನಗಳಲ್ಲಿ ಲೆವೊಗ್ಲುಕೋಸಾನ್ ಬೆಳಗಿನ ಫಿಲ್ಟರ್‌ನಲ್ಲೇ ಹೆಚ್ಚು, ಮಧ್ಯಾಹ್ನ ಇಳಿಯುತ್ತದೆ. ಮೀಥೈಲ್‌ಟೆಟ್ರಾಲ್ ಹಗಲು ಏರುತ್ತದೆ, ರಾತ್ರಿಯೂ ಪೂರ್ತಿ ಹೋಗುವುದಿಲ್ಲ, ಕಣಗಳು ಗಾಳಿಯಲ್ಲಿ ದಿನಗಟ್ಟಲೆ ಇರುತ್ತವಲ್ಲ. ಕಾಡಿಗೆ ಬೆಂಕಿ ಬಿದ್ದಾಗ ಮಧ್ಯಾಹ್ನದ ಫಿಲ್ಟರ್‌ನಲ್ಲೂ ಲೆವೊಗ್ಲುಕೋಸಾನ್ ತುಂಬಿರುತ್ತದೆ. ಗುಡ್ಡದ ಒಣ ಹುಲ್ಲು ಉರಿದಿದ್ದರೆ ಪ್ಯಾರಾ-ಹೈಡ್ರಾಕ್ಸಿಬೆಂಜೋಯಿಕ್ ಆಮ್ಲ ಜೊತೆಗೆ ಏರುತ್ತದೆ. ಒಲೆಯ ಗಟ್ಟಿಮರದಲ್ಲಿ ಸಿರಿಂಜಿಕ್ ಆಮ್ಲ ಎದ್ದು ಕಾಣುತ್ತದೆ. ಲೆವೊಗ್ಲುಕೋಸಾನ್ ಮತ್ತು ಮ್ಯಾನೋಸಾನ್ (ಕಟ್ಟಿಗೆ ಉರಿದಾಗ ಬರುವ ಇನ್ನೊಂದು ಸಕ್ಕರೆ ಜಾತಿಯ ಅಣು) ಅನುಪಾತ ಯುರೋಪಿನಲ್ಲಿ ಪೈನ್‌ನಂಥ ಮೆದುಮರ, ಓಕ್‌ನಂಥ ಗಟ್ಟಿಮರ ಬೇರೆ ಮಾಡಲು ಚೆನ್ನಾಗಿ ಒದಗುತ್ತದೆ. ಇಲ್ಲಿ ಒಲೆಗೂ ಕಾಡಿಗೂ ಗಟ್ಟಿಮರವೇ, ಹಾಗಾಗಿ ಅಷ್ಟು ಉಪಯೋಗವಿಲ್ಲ.

"ಶೇಕಡಾ ಎಷ್ಟು ಕಾಡ್ಗಿಚ್ಚು, ಒಂದು ನಂಬರ್ ಕೊಡಿ" ಎಂದು ಅಧಿಕಾರಿಗಳೂ ಪತ್ರಕರ್ತರೂ ಕೇಳುತ್ತಾರೆ. ಲೆವೊಗ್ಲುಕೋಸಾನ್ ಒಂದರಿಂದಲೇ ನಾನು ಕೊಡುವುದಿಲ್ಲ. ಹಸಿ ಕಟ್ಟಿಗೆ ಕಮರಿದಾಗ ಬರುವ ಪ್ರಮಾಣ ಬೇರೆ, ಧಗಧಗ ಉರಿದಾಗಿನದ್ದು ಬೇರೆ. ಬಿಸಿಲಿನಲ್ಲಿ ಗಾಳಿಯಲ್ಲೇ ಹುಟ್ಟುವ, ಚುರುಕಾಗಿ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅದನ್ನು ತಿನ್ನುತ್ತಲೂ ಇರುತ್ತದೆ. ದೂರದಿಂದ ಬಂದ ಹೊಗೆ ಇದ್ದದ್ದಕ್ಕಿಂತ ಕಡಿಮೆಯಾಗಿ ಕಾಣುತ್ತದೆ.

ಈಗ ಅಡಿಕೆ ಸುಗ್ಗಿಯಲ್ಲೂ ಫಿಲ್ಟರ್ ಹಾಕಲು ಶುರು ಮಾಡಿದ್ದೇನೆ. ಅಡಿಕೆ ಬೇಯಿಸುವ ದೊಡ್ಡ ಒಲೆಗಳ ಹತ್ತಿರವೇ ಹೊಗೆ ಹಿಡಿದು, ಅದರದ್ದೇ ಗುರುತು ಬರೆದಿಟ್ಟುಕೊಳ್ಳಬೇಕು. ಅದು ಸಿಕ್ಕರೆ ಫೆಬ್ರುವರಿಯ ಫಿಲ್ಟರ್‌ಗಳನ್ನು ಇನ್ನೊಮ್ಮೆ ತೆಗೆದು ನೋಡುತ್ತೇನೆ. ಅದಕ್ಕೇ ಪ್ರತಿಯೊಂದರ ಅರ್ಧ ಭಾಗವನ್ನು ಫ್ರೀಜರ್‌ನಲ್ಲಿ ಉಳಿಸಿಟ್ಟಿದ್ದೇನೆ.