ಬಿ.ಎನ್. ರಾಯರ ಕಟ್ಟು ಬಿಚ್ಚಿದ ಅನುಭವ

ನಾನು ಬರೆದ ಬಿ.ಎನ್. ರಾಯರ ಜೀವನಚರಿತ್ರೆಯ ಮೊದಲ ಮುದ್ರಣದ 500 ಪ್ರತಿ ಖಾಲಿ. "ಐವತ್ತು ಹೋದರೆ ನಿಮ್ಮ ಪುಣ್ಯ ಮಾರಾಯ್ರೆ" ಎಂದಿದ್ದ ಕೋರ್ಟಿನ ಬಾರ್ ರೂಮಿನ ಹಿರಿಯ ವಕೀಲರೇ ಈಗ ಇನ್ನೊಂದು ಪ್ರತಿ ಇದೆಯಾ ಎಂದು ಕೇಳುತ್ತಿದ್ದಾರೆ. ಆದ್ದರಿಂದ ಹೇಗೆ ಬರೆದೆ ಎಂದು ಹೇಳುವ ಅರ್ಹತೆ ನನಗೆ ಬಂದಿದೆ ಅಂದುಕೊಂಡಿದ್ದೇನೆ. ಊರಿನ ದೊಡ್ಡವರ ಜೀವನಚರಿತ್ರೆ ಬರೆಯಲು ಕೂತು ಅರ್ಧಕ್ಕೆ ಬಿಟ್ಟವರು ನಿಮ್ಮಲ್ಲಿ ಬಹಳ ಜನ ಇದ್ದೀರಿ, ಅದೂ ಗೊತ್ತು.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರಲ್ಲಿ, ನಮ್ಮ ಮಂಗಳೂರಿನಲ್ಲಿ. ಕೆನರಾ ಹೈಸ್ಕೂಲು, ಮದರಾಸು, ಕೇಂಬ್ರಿಜ್, ಆಮೇಲೆ ಬ್ರಿಟಿಷ್ ಕಾಲದ ಆಡಳಿತ ಸೇವೆ ಐಸಿಎಸ್. ಬಂಗಾಳ, ಅಸ್ಸಾಮ್, ಕಲ್ಕತ್ತಾ ಹೈಕೋರ್ಟಿನ ನ್ಯಾಯಪೀಠ, ಸಂವಿಧಾನ ಸಭೆಯ ಸಲಹೆಗಾರಿಕೆ, ವಿಶ್ವಸಂಸ್ಥೆ, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ. ಕೇಳಲು ಭರ್ಜರಿ, ಬರೆಯಲು ಬರಗಾಲ. ಜೈಲಿಗೆ ಹೋದವರಲ್ಲ, ಚುನಾವಣೆಗೆ ನಿಂತವರಲ್ಲ, ಆತ್ಮಕಥೆ ಬರೆದವರಲ್ಲ. "ಕಥೆ ಎಲ್ಲಿದೆ?" ಎಂದು ಕೇಳದವರೇ ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಹಿರಿಯರ ಬಾಯಿಂದ ನೆನಪುಗಳನ್ನು ಕೂಡಿಹಾಕಿದೆ. ಕಾರಿಗೆ ಪೆಟ್ರೋಲು, ಹೋದಲ್ಲೆಲ್ಲ ಕಾಫಿ, ಹತ್ತು ಹನ್ನೆರಡು ಸಾವಿರ ಕರಗಿತು. ಸಿಕ್ಕಿದ್ದು ಇಷ್ಟೇ: "ಭಾರೀ ಬುದ್ಧಿವಂತರಂತೆ, ಗಣಿತದಲ್ಲಿ ನೂರಕ್ಕೆ ನೂರಂತೆ." ಇಸವಿಯ ಸಾಲು ಹಿಡಿದು ಮತ್ತೆ ಬರೆದೆ. ಒಬ್ಬ ಪ್ರಕಾಶಕರು ಆರು ತಿಂಗಳು ಇಟ್ಟುಕೊಂಡು, "ಸರ್ವಿಸ್ ರಿಜಿಸ್ಟರ್ ಓದಿದ ಹಾಗಾಯಿತು" ಎಂದು ವಾಪಸು ಕಳಿಸಿದರು. ಸಿಟ್ಟು ಬಂತು, ಆದರೆ ಮಾತು ಸುಳ್ಳಾಗಿರಲಿಲ್ಲ.

ಆಮೇಲೆ ಹೊಳೆದದ್ದು ನಮ್ಮ ವಕೀಲಿ ಕಸುಬಿನ ದಾರಿಯೇ. ರಾಯರು ಕೂತ ಒಂದೊಂದು ಕುರ್ಚಿಗೆ, ಕೇಸಿನ ಫೈಲಿನ ಹಾಗೆ, ಒಂದೊಂದು ಕಟ್ಟು. ಒಳಗೆ ಮೂರೇ ಹಾಳೆ: ಕೆಲಸ ಒಪ್ಪಿಸಿದವರು ಯಾರು, ರಾಯರ ಕೈಯಿಂದ ಹೊರಟ ಕಾಗದ ಯಾವುದು, ಮುಂದೆ ಆ ಕಾಗದ ಏನಾಯಿತು. ಮೂರನೇ ಹಾಳೆ ತುಂಬದ ಕಟ್ಟನ್ನು ಪುಸ್ತಕದಿಂದಲೇ ತೆಗೆದೆ. ಜಮ್ಮು-ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದ 1944-45ರ ಕಾಲಕ್ಕೆ ಹೆಚ್ಚೆಂದರೆ ಎರಡು ಪುಟ ಸಿಕ್ಕಿತು. ಆ ಎರಡು ಪುಟದ ಸಾಮಗ್ರಿಯನ್ನು ಎಲ್ಲಿಂದ ತೆಗೆದೆ ಎಂದು ಮಾತ್ರ ಕೇಳಬೇಡಿ. ಅದೇ ಕಪಾಟಿನಲ್ಲಿ ನನಗೆ ಇನ್ನೊಂದು ಪುಸ್ತಕಕ್ಕಾಗುವಷ್ಟು ಕೆಲಸ ಬಾಕಿ ಇದೆ.

ಎಲ್ಲಕ್ಕಿಂತ ದಪ್ಪ ಕಟ್ಟು ಸಂವಿಧಾನದ್ದು. ವಾಟ್ಸ್ಯಾಪಿನ ಪುಣ್ಯದಿಂದ ಅತಿ ಅಪಾಯದ್ದೂ ಅದೇ. "ಸಂವಿಧಾನ ಬರೆದದ್ದು ನಮ್ಮ ರಾಯರು, ಹೆಸರು ಬೇರೆಯವರಿಗೆ" ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಇನ್ನೊಂದು ಕಡೆಯವರು ರಾಯರ ಹೆಸರೆತ್ತಿದರೇ ಉರಿದುಬೀಳುತ್ತಾರೆ. ನಾನು ಇಬ್ಬರ ತಂಟೆಗೂ ಹೋಗದೆ ಕಾಗದಗಳನ್ನು ಎದುರುಬದುರು ಇಟ್ಟೆ. ಒಂದು ಕಡೆ 1947ರ ಅಕ್ಟೋಬರದ ರಾಯರ ಕರಡು, ಇನ್ನೊಂದು ಕಡೆ 1948ರ ಫೆಬ್ರುವರಿಯಲ್ಲಿ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಕೊಟ್ಟದ್ದು. ಮನೆಯ ಜಗಲಿಯಲ್ಲಿ ನೈಲಾನ್ ಹಗ್ಗ ಕಟ್ಟಿ, ಎರಡರ ಜೆರಾಕ್ಸನ್ನೂ ಕ್ಲಿಪ್ಪು ಹಾಕಿ ತೂಗುಬಿಟ್ಟು, ಹಾಗೇ ಉಳಿದ ಮಾತಿಗೆ ನೀಲಿ, ಬದಲಾದದ್ದಕ್ಕೆ ಕೆಂಪು ಪೆನ್ಸಿಲು ಎಳೆಯುತ್ತ ಹೋದೆ. ಮನೆಯವರು ಬಟ್ಟೆ ಒಣಗಿಸಲು ಒಂದು ಮಳೆಗಾಲವಿಡೀ ಪರದಾಡಿದರು. ನೀಲಿಯೂ ಬೇಕಾದಷ್ಟಿತ್ತು, ಕೆಂಪೂ ಬೇಕಾದಷ್ಟಿತ್ತು. ಅಂಬೇಡ್ಕರರೇ 1949ರ ನವೆಂಬರ್ 25ರ ಭಾಷಣದಲ್ಲಿ ಲೆಕ್ಕ ಕೊಟ್ಟಿದ್ದಾರೆ: ಸಲಹೆಗಾರರ ಕರಡಿನಲ್ಲಿ 243 ವಿಧಿ, 13 ಅನುಸೂಚಿ, ಸಮಿತಿಯದರಲ್ಲಿ 315 ವಿಧಿ, 8 ಅನುಸೂಚಿ, ಕೊನೆಗೆ ನಿಂತದ್ದು 395. ತನಗೆ ಸಲ್ಲುವ ಕೀರ್ತಿಯಲ್ಲಿ ಒಂದು ಪಾಲು ರಾಯರದು, ಇನ್ನೊಂದು ಪಾಲು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರದು ಎಂದೂ ಅದೇ ಭಾಷಣದಲ್ಲಿ ಹೇಳಿದ್ದಾರೆ. ಇದನ್ನು ಪುಸ್ತಕದ ಎಡಬಲ ಪುಟಗಳಲ್ಲಿ ಹಾಗೆಯೇ ಅಚ್ಚುಹಾಕಿಸಿದೆ. ಬಿಡುಗಡೆಯ ದಿನ ಸಭೆಯಲ್ಲಿ ಒಬ್ಬರು ಎದ್ದು ಮೊಬೈಲು ಹಿಡಿದು ಫಾರ್ವರ್ಡ್ ಓದಲು ಶುರುಮಾಡಿದರು. ಪುಟದ ಸಂಖ್ಯೆ ಹೇಳಿ ಕೂತುಬಿಟ್ಟೆ. ಅವರೂ ಕೂತರು, ಹೋಗುವಾಗ ಎರಡು ಪ್ರತಿ ಕೊಂಡರು.

ಅದೇ ಕಟ್ಟಿನಲ್ಲಿ ಅಮೆರಿಕಾ ಪ್ರಯಾಣವೂ ಇದೆ. 1947ರ ಕೊನೆಗೆ ಹೋದ ರಾಯರಿಗೆ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಸಿಕ್ಕರು. ಡ್ಯೂ ಪ್ರೋಸೆಸ್ (ಕಾನೂನಿನ ಕ್ರಮ ನ್ಯಾಯವಾಗಿದೆಯೇ ಎಂದು ಕೋರ್ಟೇ ತೂಗಿನೋಡುವುದು) ನಿಮಗೆ ಬೇಡ, ನ್ಯಾಯಾಧೀಶರ ಮೇಲೆ ಅನಗತ್ಯ ಹೊರೆ ಎಂದರು. ಜೀವ, ಸ್ವಾತಂತ್ರ್ಯದ ಹಕ್ಕಿನ ನಮ್ಮ 21ನೇ ವಿಧಿಯಲ್ಲಿ ಆ ಮಾತು ಇಲ್ಲದಿರುವುದಕ್ಕೆ ಆ ಭೇಟಿಯೂ ಒಂದು ಕಾರಣ. ಮುಂದೆ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೇ ಆ ಅರ್ಥವನ್ನು ವಿಧಿಯೊಳಗೆ ತಂದಿತು ಎಂದು ವಕೀಲರಿಗೆ ನಾನು ಹೇಳಬೇಕಾಗಿಲ್ಲ. ರಾಯರು ಇಲ್ಲಿ ಎಡವಿದರು ಎಂದೇ ನನ್ನ ಅಭಿಪ್ರಾಯ, ಪುಸ್ತಕದಲ್ಲೂ ಹಾಗೆಯೇ ಬರೆದಿದ್ದೇನೆ. ಊರಿನವರೆಂದು ರಿಯಾಯಿತಿ ಕೊಟ್ಟಿಲ್ಲ.

ಸಿಂಧೂ ನದಿಯ ಕಟ್ಟು ಅನಿರೀಕ್ಷಿತ ಲಾಭ. ಪಂಜಾಬಿನ ಮೇಲೆ ಸಿಂಧ್ ಪ್ರಾಂತ್ಯ ದೂರು ಕೊಟ್ಟಾಗ ಆಯೋಗದ ಅಧ್ಯಕ್ಷರಾಗಿ 1942ರಲ್ಲಿ ವರದಿ ಕೊಟ್ಟವರು ರಾಯರೇ. ನೀರು ಮೇಲಿನವರದೂ ಅಲ್ಲ, ಕೆಳಗಿನವರದೂ ಅಲ್ಲ, ನ್ಯಾಯವಾಗಿ ಹಂಚಬೇಕಾದದ್ದು ಎಂದರು. ಎರಡೂ ಕಡೆಯವರು ಒಪ್ಪಲಿಲ್ಲ. ಕೃಷ್ಣಾ ನ್ಯಾಯಮಂಡಳಿಯ ವರದಿಯಲ್ಲೂ ಆ ಆಯೋಗದ ಪ್ರಸ್ತಾಪ ಬರುತ್ತದೆ ಎಂದು ಎರಡು ಸಾಲು ಸೇರಿಸಿದ್ದೇ ತಡ, ಬಾಗಲಕೋಟೆ, ವಿಜಯಪುರ ಕಡೆಯಿಂದ ಮೂವತ್ತೋ ನಲವತ್ತೋ ಪ್ರತಿಗೆ ಬೇಡಿಕೆ ಬಂತು.

ವಿಶ್ವಸಂಸ್ಥೆಯ ಭಾಗ ಮಾತ್ರ ಜೀವ ತಿಂದಿತು. ಅವರ ಹೆಸರನ್ನು ಅಲ್ಲಿ ಹತ್ತು ನಮೂನೆಯಲ್ಲಿ ಬರೆದಿದ್ದಾರೆ, ಹೆಸರು ಹಿಡಿದು ಹುಡುಕಿದರೆ ಅರ್ಧವೂ ಸಿಗುವುದಿಲ್ಲ. ಭದ್ರತಾ ಮಂಡಳಿಯ ಸಭೆಯ ಸಂಖ್ಯೆ ಹಿಡಿದು ಹುಡುಕಿ, 473, 474 ಹೀಗೆ. ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯದಲ್ಲಿ ಪುಕ್ಕಟೆ ಸಿಗುತ್ತದೆ. ಇದಕ್ಕೂ ಸಲೀಸಾದ ದಾರಿ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

1950ರ ಜೂನಿನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆಯ ಸರದಿ ಭಾರತದ್ದು, ಕುರ್ಚಿಯಲ್ಲಿದ್ದವರು ರಾಯರು. 25ನೇ ತಾರೀಕು ಕೊರಿಯಾ ಯುದ್ಧ ಶುರುವಾಯಿತು. ನಾಲ್ಕು ಸಲ ಬರೆದರೂ ಈ ಅಧ್ಯಾಯ ಪತ್ರಿಕೆಯ ವರದಿಯ ಹಾಗೇ ಉಳಿಯಿತು. ಕೊನೆಗೆ ಒಂದು ಕಾನೂನು ಕಾಲೇಜಿನ ಹುಡುಗ ಹುಡುಗಿಯರನ್ನು ಕೂರಿಸಿ ಆ ಸಭೆಗಳನ್ನೇ ಆಡಿಸಿದೆ. ಹನ್ನೊಂದು ಕುರ್ಚಿ. ಸೋವಿಯತ್ ಒಕ್ಕೂಟ ಜನವರಿಯಿಂದಲೇ ಬಹಿಷ್ಕಾರ ಹಾಕಿತ್ತಲ್ಲ, ಆ ಕುರ್ಚಿ ಖಾಲಿ. ಮೊದಲ ನಿರ್ಣಯ ಸಲೀಸಾಗಿ ಆಯಿತು: ಒಂಬತ್ತು ಮತ, ಯುಗೋಸ್ಲಾವಿಯಾ ತಟಸ್ಥ. 27ರ ಸಭೆಗೆ ಬಂದಾಗ ದಕ್ಷಿಣ ಕೊರಿಯಾಕ್ಕೆ ನೆರವು ಕೊಡುವ ಎರಡನೇ ನಿರ್ಣಯ. ರಾಯರ ಪಾತ್ರ ಮಾಡುತ್ತಿದ್ದ ಹುಡುಗಿ ಕೈ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. "ಸರ್, ದೆಹಲಿಯಿಂದ ಏನೂ ಬಂದಿಲ್ಲವಲ್ಲ, ನಾನೇನು ಹೇಳಲಿ?" ಎಂದಳು. ಅಂದು ನಡೆದದ್ದೂ ಅದೇ. ಸರ್ಕಾರಗಳ ಉತ್ತರಕ್ಕಾಗಿ ಸಭೆಯನ್ನು ಕೆಲವು ತಾಸು ನಿಲ್ಲಿಸಿ ಕಾದರೂ ಭಾರತ, ಈಜಿಪ್ಟ್ ಮತದಾನದಲ್ಲಿ ಭಾಗವಹಿಸಲಿಲ್ಲ. ಕಕ್ಷಿದಾರನ ಒಪ್ಪಿಗೆ ಇಲ್ಲದೆ ರಾಜಿ ಅರ್ಜಿಗೆ ಸಹಿ ಹಾಕುವ ವಕೀಲ ಉಂಟೇ? 29ರಂದು ಭಾರತ ಆ ನಿರ್ಣಯವನ್ನು ಒಪ್ಪಿರುವುದಾಗಿ ತಿಳಿಸಿತು. ಜುಲೈ 7ರಂದು ಸೇನೆಯ ನಾಯಕತ್ವವನ್ನು ಅಮೆರಿಕಾಕ್ಕೆ ಕೊಡುವ ನಿರ್ಣಯ ಬಂದಾಗ ತಟಸ್ಥವಾಗಿ ಉಳಿಯಿತು. ಹುಡುಗರನ್ನು ಆಡಿಸಿದ ಸಂಜೆಯೇ ಅಧ್ಯಾಯ ಹೊಸದಾಗಿ ಬರೆದೆ, ಒಂದೇ ಕೂರಿಕೆಯಲ್ಲಿ ಮುಗಿಯಿತು. ಓದಿದವರೆಲ್ಲ ಮೊದಲು ಹೇಳುವುದು ಅದರ ಬಗ್ಗೆಯೇ.

ಈಗ ದುಡ್ಡಿನ ವಿಷಯ. ಡಿಟಿಪಿಗೆ, ಅಂದರೆ ಅಕ್ಷರಜೋಡಣೆಗೆ, ಪುಟಕ್ಕೆ ನಲವತ್ತೋ ಐವತ್ತೋ ಕೊಟ್ಟೆ. ನಾನು ಕೊಟ್ಟದ್ದು ಯೂನಿಕೋಡ್, ಅವರು ಅದನ್ನು ಹಳೇ ಫಾಂಟಿಗೆ ತಿರುಗಿಸಿದಾಗ ಅರ್ಕಾವತ್ತುಗಳೆಲ್ಲ ಹಾರಿಹೋದವು. ಮತ್ತೆ ಪ್ರೂಫು, ಮತ್ತೆ ಬಿಲ್ಲು. ಡೆಮಿ ಅಳತೆ, ಹತ್ತು ಫಾರಂ (ಮಡಚಿ ಹೊಲಿಯುವ ಅಚ್ಚಿನ ಹಾಳೆ), ಎಲ್ಲ ಸೇರಿ ಅರವತ್ತು ಸಾವಿರದ ಆಚೀಚೆ. ಬೆಲೆ 180 ಇಟ್ಟೆ. ಅಂಗಡಿಯವರು ಕೇಳುವ ಕಮಿಷನ್ ನಿಮಗೆ ಗೊತ್ತೇ ಇದೆ, ಹಾಗಾಗಿ ಮುಕ್ಕಾಲು ಪಾಲನ್ನು ನಾನೇ ಅಂಚೆಯಲ್ಲಿ ಕಳಿಸಿದೆ. ಹಾಕಿದ್ದು ಬಂದು, ಮೇಲೆ ಹತ್ತು ಸಾವಿರದಷ್ಟು ಉಳಿದಿದೆ. ಕನ್ನಡದ ಜೀವನಚರಿತ್ರೆಗೆ ಇದು ಕಮ್ಮಿಯೇನಲ್ಲ.

ನಡುವೆ ಒಂದೊಂದು ಕಟ್ಟನ್ನೂ ಐದು ನಿಮಿಷದ ಆಡಿಯೋ ಮಾಡಿ ವಕೀಲರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದೆ. ಬಾಕಿಯವೆಲ್ಲ ಠುಸ್ಸಾದವು, ರಾಯರ ಅಧ್ಯಕ್ಷತೆಯ ಹಿಂದೂ ಕಾನೂನು ಸಮಿತಿಯದ್ದೊಂದು ಊರೆಲ್ಲ ತಿರುಗಿತು. ಮಗನ ಪಾಲಿನ ಅರ್ಧ ಮಗಳಿಗೆ ಕೊಡಬೇಕೆಂದು ಆ ಸಮಿತಿ ನಲವತ್ತರ ದಶಕದಲ್ಲೇ ಹೇಳಿತ್ತು ಎಂಬ ಮಾತಿಗೆ, ಪಾಲುಪಟ್ಟಿ ದಾವೆ ನಡೆಸುವ ನಾಲ್ಕೈದು ಮನೆಯವರು ನನಗೇ ಫೋನು ಮಾಡಿದರು. ಒಂದು ವಕಾಲತ್ತೂ ಸಿಕ್ಕಿತು.

ಎರಡನೇ ಮುದ್ರಣದಲ್ಲಿ ಹೇಗ್‌ನ ಭಾಗ ಹಿಗ್ಗಿಸುತ್ತೇನೆ. 1952ರಲ್ಲಿ ಅಲ್ಲಿಗೆ ಹೋದ ರಾಯರು ಮರುವರ್ಷ ನವೆಂಬರಿನಲ್ಲೇ ತೀರಿಕೊಂಡದ್ದರಿಂದ ಆ ಕಟ್ಟು ತೆಳ್ಳಗಿದೆ. ಅದು ಮುಗಿದ ಮೇಲೆ ರಾಯರ ತಮ್ಮ ಬೆನಗಲ್ ರಾಮ ರಾವ್: ವಾಷಿಂಗ್ಟನ್ನಿನಲ್ಲಿ ರಾಯಭಾರಿ, ಆಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್, ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರ ಜೊತೆ ಮನಸ್ತಾಪವಾಗಿ 1957ರಲ್ಲಿ ರಾಜೀನಾಮೆ. ಅದರ ಮೂರನೇ ಹಾಳೆ ಈಗಾಗಲೇ ತುಂಬಿದೆ. ಮೇ ತಿಂಗಳ ರಜೆಗೆ ಹಗ್ಗ ಕಟ್ಟುತ್ತೇನೆ, ಈ ಸಲ ತಾರಸಿಯಲ್ಲಿ.