ಪರಿಸ್ಥಿತಿಯ ಹೊಡೆತಕ್ಕೆ ಬಂದ ಖಿನ್ನತೆ: ಹೊರಬರುವುದು ಹೇಗೆ?

ಕೆಲಸ ಹೋಗಿದೆ, ಸಾಲ ಕುತ್ತಿಗೆಗೆ ಬಂದಿದೆ, ಮದುವೆ ಮುರಿದಿದೆ, ಮನೆಯಲ್ಲೊಬ್ಬರು ಹಾಸಿಗೆ ಹಿಡಿದಿದ್ದಾರೆ. ಇಂಥ ಹೊತ್ತಿನಲ್ಲಿ ಮನಸ್ಸು ಕುಸಿದರೆ ಸುತ್ತಲಿನವರು ಮಾತ್ರವಲ್ಲ, ಕುಸಿದವರೂ "ಇಷ್ಟೆಲ್ಲ ಆದಮೇಲೆ ಬೇಜಾರಾಗದೆ ಇರುತ್ತಾ? ಪರಿಸ್ಥಿತಿ ಸರಿಹೋದರೆ ಎಲ್ಲ ಸರಿಹೋಗುತ್ತೆ" ಎಂದುಕೊಂಡು ಸುಮ್ಮನಾಗುತ್ತಾರೆ. ಚಿಕಿತ್ಸೆ ತಡವಾಗುವುದು ಬಹಳ ಸಲ ಇಲ್ಲೇ. ಜಾರಿಬಿದ್ದು ಕಾಲು ಮುರಿದುಕೊಂಡವರಿಗೆ ನೆಲ ಒಣಗಲಿ, ಆಮೇಲೆ ಪಟ್ಟಿ ಹಾಕೋಣ ಎಂದು ಯಾರೂ ಹೇಳುವುದಿಲ್ಲ. ಕಾರಣ ಗೊತ್ತಿರುವ ಖಿನ್ನತೆಯೂ ಖಿನ್ನತೆಯೇ. ಪರಿಸ್ಥಿತಿಗೆ ಮಾಡಬೇಕಾದ್ದು ಬೇರೆ, ಕಾಯಿಲೆಗೆ ಮಾಡಬೇಕಾದ್ದು ಬೇರೆ. ಒಂದು ಮುಗಿಯಲಿ ಎಂದು ಇನ್ನೊಂದನ್ನು ಕಾಯಿಸಬಾರದು.

ಬೇಸರವೋ, ಖಿನ್ನತೆಯೋ?

ಬೇಸರಕ್ಕೆ ಬಿಡುವು ಇರುತ್ತದೆ. ಗೆಳೆಯರೊಬ್ಬರು ಬಂದರೆ, ನಗೆಮಾತೊಂದು ಕಿವಿಗೆ ಬಿದ್ದರೆ ಸ್ವಲ್ಪ ಹೊತ್ತು ಮನಸ್ಸು ಹಗುರಾಗುತ್ತದೆ. ದಿನದ ಬಹುಭಾಗ, ಹೆಚ್ಚುಕಡಿಮೆ ಪ್ರತಿದಿನ, 2 ವಾರ ಕಳೆದರೂ ಮನಸ್ಸು ಕವಿದೇ ಇದ್ದರೆ ಅಥವಾ ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ ಕೆಟ್ಟಿದ್ದರೆ, ತಾನು ಯಾರಿಗೂ ಬೇಡವಾದವನು ಎಂಬ ಭಾವ ಬಿಡದಿದ್ದರೆ ಅದನ್ನು ವೈದ್ಯರಿಗೆ ತೋರಿಸಬೇಕು. ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದಕ್ಕೆ ಅನುಕೂಲ. ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಡಮಾಡಬೇಡಿ. ಆದರೆ ಅಂಕವೇ ರೋಗನಿರ್ಣಯವಲ್ಲ.

ಪಟ್ಟಿಯ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ಮೊತ್ತ ಎಷ್ಟೆಂದು ನೋಡುತ್ತಾ ಕೂರಬೇಡಿ, ಯಾರೊಂದಿಗಾದರೂ ಇವತ್ತೇ ಮಾತಾಡಿ. ಹೇಗೆ, ಯಾವಾಗ ಎಂಬಷ್ಟರ ಮಟ್ಟಿಗೆ ಯೋಚನೆ ಹೋಗಿದ್ದರೆ ಒಬ್ಬರೇ ಇರಬೇಡಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕದಂಥವನ್ನು ಬೇರೊಬ್ಬರ ಕೈಗೆ ಕೊಟ್ಟು ಹೊರಗೆ ಸಾಗಿಸಿ. ನೀವಿರುವ ಕಡೆಯ ತುರ್ತು ಸಂಖ್ಯೆಗೋ ಆತ್ಮಹತ್ಯೆ ತಡೆ ಸಹಾಯವಾಣಿಗೋ ಕರೆಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮುಂದೆ ಬರೆದಿರುವುದೆಲ್ಲ ಇದಾದ ಮೇಲೆ.

ಮನಸ್ಸು ಬರಲಿ ಎಂದು ಕಾಯಬೇಡಿ

ಖಿನ್ನತೆ ಬೆಳೆಯುವ ಬಗೆ ಹೀಗೆ: ಮನಸ್ಸಿಲ್ಲ ಎಂದು ಒಂದು ಕೆಲಸ ಬಿಡುತ್ತೇವೆ. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಸಂಜೆಗೆ ಬಿಟ್ಟ ಕೆಲಸ ತಪ್ಪಿತಸ್ಥ ಭಾವವಾಗಿ ಮರಳುತ್ತದೆ, ನಾಳೆ ಇನ್ನೆರಡು ಕೆಲಸ ಬಿಡುತ್ತೇವೆ. ಖುಷಿ ಕೊಡಬಹುದಾದ್ದು, "ಇಷ್ಟಾದರೂ ಮಾಡಿದೆ" ಅನ್ನಿಸಬಹುದಾದ್ದು ಒಂದೊಂದೇ ದಿನಚರಿಯಿಂದ ಉದುರುತ್ತದೆ. ಈ ಸುತ್ತನ್ನು ತಿರುಗಿಸುವ ಚಿಕಿತ್ಸೆಗೆ ಬಿಹೇವಿಯರಲ್ ಆಕ್ಟಿವೇಶನ್ ಎಂಬ ದೊಡ್ಡ ಹೆಸರಿದೆ. ಮಾಡುವುದು ಮಾತ್ರ ಸರಳ: ಮೊದಲು ಕೈಕಾಲು ಆಡಿಸಿ, ಮನಸ್ಸು ಹಿಂದಿನಿಂದ ಬರಲಿ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ, ಅಷ್ಟೇ. ಪ್ರತಿ ಗಂಟೆಗೆ ಒಂದು ಸಾಲು, ಎದುರಿಗೆ ಆಗಿನ ಮನಸ್ಥಿತಿಗೆ 0ಯಿಂದ 10ರೊಳಗೆ ಅಂಕ. "10–11: ಹಾಸಿಗೆಯಲ್ಲಿ ಮೊಬೈಲ್, 2. 11–12: ಸ್ನಾನ, ಬಟ್ಟೆ ಒಣಹಾಕಿದ್ದು, 4." ದಿನವಿಡೀ ಒಂದೇ ಸಮ ಕತ್ತಲು ಎಂದು ಅನ್ನಿಸುತ್ತಿದ್ದರೂ ಹಾಳೆಯ ಮೇಲೆ ಈ ಎರಡಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ನೆನಪನ್ನು ನಂಬಿ ರಾತ್ರಿ ಒಟ್ಟಿಗೆ ಬರೆದರೆ ಎಲ್ಲವೂ ಎರಡೇ ಆಗಿಬಿಡುತ್ತದೆ, ಆಗಾಗಲೇ ಬರೆಯಿರಿ.

ಎರಡನೇ ವಾರ, ಅಂಕ ಮೇಲೇರಿದ ಕೆಲಸಗಳಿಂದ ದಿನಕ್ಕೆ ಎರಡನ್ನು ಆರಿಸಿ ಗಂಟೆ ಗೊತ್ತುಮಾಡಿ. ಒಂದು ಹಿತವಾದದ್ದು, ಇನ್ನೊಂದು ಮುಗಿಸಿದ ಸಮಾಧಾನ ಕೊಡುವಂಥದ್ದು. ಬರೀ ಹಿತವಾದದ್ದನ್ನೇ ಆರಿಸಿದರೆ ಬಾಕಿ ಕೆಲಸ ಕಾಡುತ್ತದೆ, ಬರೀ ಬಾಕಿಯನ್ನೇ ಆರಿಸಿದರೆ ಮೂರನೇ ದಿನ ಕೈಬಿಡುತ್ತೀರಿ. ಕೆಲಸವನ್ನು ನಾಚಿಕೆಯಾಗುವಷ್ಟು ಚಿಕ್ಕದಾಗಿ ಒಡೆಯಿರಿ. "ಮನೆ ಚೊಕ್ಕ ಮಾಡುವುದು" ಅಲ್ಲ, "4 ಗಂಟೆಗೆ ಮೇಜಿನ ಮೇಲಿನ ಲೋಟಗಳನ್ನು ತೊಳೆಯುವುದು." ಮಾಡಿದಿರಾ, ಗುರುತು ಹಾಕಿ. ಖುಷಿ ಬಂತೇ ಎಂದು ಅಳೆಯಲು ಹೋಗಬೇಡಿ, ಮೊದಮೊದಲು ಬರುವುದಿಲ್ಲ. ಒಂದು ಕೆಲಸ ತಪ್ಪಿದರೆ ಇಡೀ ದಿನ ಹೋಯಿತೆಂದು ಮಲಗುವುದು ಎಲ್ಲರೂ ಬೀಳುವ ಹಳ್ಳ. ಪಟ್ಟಿಯ ಮುಂದಿನ ಕೆಲಸಕ್ಕೆ ಹೋಗಿ. ಸತತ ಮೂರು ದಿನ ತಪ್ಪಿದರೆ ಕೆಲಸ ದೊಡ್ಡದಾಯಿತು ಎಂದರ್ಥ, ಅರ್ಧ ಮಾಡಿ.

ಪಟ್ಟಿಯಲ್ಲಿ ನಡಿಗೆಗೆ ಜಾಗವಿರಲಿ. 10 ನಿಮಿಷದಿಂದ ಶುರುಮಾಡಿ ನಿಧಾನವಾಗಿ ವಾರಕ್ಕೆ 150 ನಿಮಿಷಕ್ಕೆ ಏರಿಸಿದರೆ ಸಾಕು. ಬೆಳಗಿನ ಬೆಳಕಿನಲ್ಲಿ ನಡೆದರೆ ರಾತ್ರಿಯ ನಿದ್ದೆಗೂ ಒಳ್ಳೆಯದು. ನಿದ್ದೆಗೆ ಮುಖ್ಯ ಸೂತ್ರ ಏಳುವ ಹೊತ್ತು. ಎಷ್ಟೇ ತಡವಾಗಿ ಮಲಗಿದರೂ ಅದೇ ಹೊತ್ತಿಗೆ ಏಳಿ. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮರಳಿ. ಮದ್ಯ ಬೇಗ ನಿದ್ದೆ ಬರಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಮರುದಿನದ ಮನಸ್ಸನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ.

ಪರಿಸ್ಥಿತಿಯನ್ನು ಏನು ಮಾಡುವುದು?

ಒಂದು ಹಾಳೆಯಲ್ಲಿ ಚಿಂತೆಗಳನ್ನೆಲ್ಲ ಬರೆದು, ನನ್ನ ಕೈಲಿರುವುದು, ಇಲ್ಲದ್ದು ಎಂದು ಬೇರ್ಪಡಿಸಿ. ಕೈಲಿರುವುದರಲ್ಲಿ ಒಂದನ್ನೇ ಎತ್ತಿಕೊಳ್ಳಿ. "ಸಾಲ ತೀರಿಸಬೇಕು" ಎಂಬುದು ಸಮಸ್ಯೆಯ ಹೆಸರು, ಅದರಲ್ಲಿ ಮಾಡಲು ಏನೂ ಇಲ್ಲ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕಂತಿನ ದಿನ ಯಾವುದು ಎಂದು ಒಂದೇ ಹಾಳೆಗೆ ಇಳಿಸುವುದು ಮೊದಲ ಹೆಜ್ಜೆ. ಸಾಲ ಕೊಟ್ಟವರಲ್ಲಿ ಒಬ್ಬರಿಗೆ ಫೋನ್ ಮಾಡಿ ಗಡುವು ಕೇಳುವುದು ಎರಡನೆಯದು. ಇದಕ್ಕೆ ಹಗಲಿನಲ್ಲಿ ಅರ್ಧ ಗಂಟೆ ಮೀಸಲಿಡಿ. ರಾತ್ರಿ ಅದೇ ಚಿಂತೆ ಬಂದರೆ ಒಂದು ಸಾಲು ಗೀಚಿ ನಾಳೆಯ ಅರ್ಧ ಗಂಟೆಗೆ ತಳ್ಳಿ. "ನನಗೇ ಯಾಕೆ ಹೀಗಾಯಿತು" ಎಂದು ತಿರುಗುವ ತಲೆಗೆ "ಮುಂದಿನ ಹೆಜ್ಜೆ ಯಾವುದು" ಎಂಬ ಪ್ರಶ್ನೆ ಕೊಡಿ. ಸಾವಿನಂಥ ನಷ್ಟಕ್ಕೆ ಪರಿಹಾರ ಹುಡುಕಬೇಡಿ, ಅಲ್ಲಿ ಬೇಕಿರುವುದು ಅಳಲು ಜಾಗ, ಕೇಳಲು ಒಂದು ಜೀವ. ಇನ್ನು ಹಿಂಸೆ ಕೊಡುವವರ ಜೊತೆಗಿನ ಬದುಕೇ ಕಾರಣವಾಗಿದ್ದರೆ ಹೊಂದಿಕೊಂಡು ಹೋಗಿ ಎನ್ನುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಅಲ್ಲಿ ಸುರಕ್ಷತೆ ಮೊದಲು, ಉಳಿದದ್ದು ಆಮೇಲೆ.

ಮನೆ ಮಾರುವುದು, ಕೆಲಸಕ್ಕೆ ರಾಜೀನಾಮೆ ಇಂಥ ದೊಡ್ಡ ತೀರ್ಮಾನಗಳನ್ನು ಆದಷ್ಟು ಮುಂದಕ್ಕೆ ಹಾಕಿ.

ವೈದ್ಯರ ಹತ್ತಿರ

ಮೊದಲು ಹೇಳಿದ ಲಕ್ಷಣಗಳು 2 ವಾರ ದಾಟಿದ್ದರೆ ಕಾಯುವ ಮಾತೇ ಇಲ್ಲ. ಅಷ್ಟಿಲ್ಲದವರೂ ಎರಡು ಮೂರು ವಾರ ಹೀಗೆ ಮಾಡಿಯೂ ಮನಸ್ಥಿತಿಯ ಅಂಕ ಕದಲದಿದ್ದರೆ, ಅಥವಾ ಎದ್ದು ಸ್ನಾನ, ಊಟ, ಕೆಲಸ ಮಾಡುವುದೇ ಆಗದಿದ್ದರೆ ಮೊದಲೇ, ವೈದ್ಯರನ್ನು ಕಾಣಿ. ಬರೆದಿಟ್ಟ ಹಾಳೆ ಜೊತೆಗಿರಲಿ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ ಖಿನ್ನತೆಯ ವೇಷದಲ್ಲಿ ಬರುವುದುಂಟು, ರಕ್ತಪರೀಕ್ಷೆ ಅದಕ್ಕೇ. ಹಿಂದೆಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಹುರುಪು, ವಿಪರೀತ ಮಾತು, ಲೆಕ್ಕವಿಲ್ಲದ ಖರ್ಚು ದಿನಗಟ್ಟಲೆ ಇದ್ದಿದ್ದರೆ ತಪ್ಪದೆ ಹೇಳಿ. ಅದು ಬೈಪೋಲಾರ್, ಅಂದರೆ ಮನಸ್ಸು ಅತಿ ಹುರುಪಿಗೂ ಖಿನ್ನತೆಗೂ ತೂಗಾಡುವ ಕಾಯಿಲೆ, ಇರಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ.

ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು 2ರಿಂದ 4 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ವಾಕರಿಕೆ, ತಲೆನೋವಿನಂಥ ಅಡ್ಡಪರಿಣಾಮಗಳಾದರೋ ಮೊದಲ ವಾರದಲ್ಲೇ ಬರಬಹುದು. ಹಾಗಾಗಿ ಗುಣ ಕಾಣುವ ಮುನ್ನವೇ ಬಹಳ ಜನ ಬಿಟ್ಟುಬಿಡುತ್ತಾರೆ. ತೊಂದರೆ ಹೇಳಿ, ಡೋಸ್ ಬದಲಿಸಬಹುದು. ಶುರುವಿನ ವಾರಗಳಲ್ಲಿ, ಅದರಲ್ಲೂ 25 ವರ್ಷದೊಳಗಿನವರಲ್ಲಿ, ಚಡಪಡಿಕೆಯೋ ಸಾಯುವ ಯೋಚನೆಯೋ ಹೆಚ್ಚಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸುತ್ತಾರೆ, ಬಿಡುವಾಗ ಹಂತಹಂತವಾಗಿ ಇಳಿಸುತ್ತಾರೆ. ಸೌಮ್ಯ ಖಿನ್ನತೆಗೆ ಮಾತ್ರೆ ಇಲ್ಲದ ಕೌನ್ಸೆಲಿಂಗ್ ಸಾಕಾಗುವುದುಂಟು.

ಜೊತೆಗಿರುವವರು "ಧೈರ್ಯ ತಂದುಕೋ" ಎನ್ನುವ ಬದಲು "ನಾಲ್ಕಕ್ಕೆ ಬರ್ತೀನಿ, ಹತ್ತು ನಿಮಿಷ ನಡೆದು ಬರೋಣ" ಎನ್ನಲಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬಹುದು, ಕೇಳಿದ್ದರಿಂದ ಅದು ಹುಟ್ಟುವುದಿಲ್ಲ.

ಚೇತರಿಕೆ ಏರಿಳಿತದಲ್ಲೇ ಬರುತ್ತದೆ. ಒಂದು ಕೆಟ್ಟ ದಿನವನ್ನಲ್ಲ, ಈ ವಾರದ ಸರಾಸರಿಯನ್ನು ಹೋದ ವಾರದ್ದರ ಜೊತೆ ಹೋಲಿಸಿ. ಹುಷಾರಾದಾಗ, ಕುಸಿತ ಶುರುವಾಗಿದ್ದು ಯಾವ ಚಿಹ್ನೆಗಳಿಂದ ಎಂದು ಬರೆದಿಡಿ: ಫೋನ್ ಎತ್ತದಿರುವುದು, ಬೆಳಗಿನ ಜಾವ ಎಚ್ಚರವಾಗುವುದು, ಪಾತ್ರೆ ರಾಶಿಬೀಳುವುದು, ನಿಮ್ಮವು ಯಾವುವೋ ಅವು. ಒಂದು ಪ್ರತಿಯನ್ನು ನಂಬಿಕೆಯವರೊಬ್ಬರಿಗೆ ಕೊಡಿ. ಅವುಗಳಲ್ಲಿ ಎರಡು ಒಟ್ಟಿಗೆ ಒಂದು ವಾರ ಉಳಿದರೆ ಗಂಟೆಗೊಂದು ಸಾಲಿನ ಹಾಳೆಯನ್ನು ಮತ್ತೆ ತೆರೆದು, ವೈದ್ಯರ ಭೇಟಿಗೆ ಸಮಯ ಗೊತ್ತುಮಾಡಿಕೊಳ್ಳಿ.